ಕೊನೆಯ ಬೋಟು ಐದಕ್ಕೆ

ಹೋಗಿ ಬರುವುದಕ್ಕೆ ಸೇರಿಸಿ ಒಂದೇ ಟಿಕೆಟು.
ಹಿಂದುಗಡೆ ನೀಲಿ ಶಾಯಿಯಲ್ಲಿ ಮೊಹರು:
ಕೊನೆಯ ಬೋಟು ಐದಕ್ಕೆ.
ನೀವು ಅದನ್ನು ಎರಡು ಸಲ ಓದಿ
ಕಿಸೆಯಲ್ಲಿಟ್ಟು, ಕಿಸೆಗೆ ಗುಂಡಿ ಹಾಕಿದಿರಿ.
ಆ ಗುಂಡಿ ಹೊಲಿದವಳು ನಾನೇ.

ಅಂಡಮಾನಿಗೆ ಹೋಗಿ ಅಂದಿದ್ದಳು ಪಕ್ಕದ ಮಿಷನ್ನಿನ ಪ್ರೆಸಿಲ್ಲಾ.
ಅಂಗಡಿಯ ಕ್ಯಾಲೆಂಡರಿನಲ್ಲಿ ಮಾಲ್ಡೀವ್ಸು,
ನೀರಲ್ಲಿ ಕೋಲು ನೆಟ್ಟು ಕಟ್ಟಿದ ಮನೆ,
ಹಾಸಿಗೆ ತುಂಬ ಗುಲಾಬಿ ಎಸಳು.
'ನೀರಿನ ಮೇಲೆ ಮಲಗುವುದಕ್ಕೆ ಅಷ್ಟು ದುಡ್ಡಾ ಮಾರಾಯ್ತಿ?'
ಅಂದಿರಿ, ಎಂಟು ವರ್ಷ ಬೋಟಿನಲ್ಲೇ ಮಲಗಿ ಎದ್ದವರು.
ಈಗ ಐಸ್ ಪ್ಲಾಂಟು. ರಜೆ ಒಂದೇ ದಿನ, ಸೋಮವಾರ.
ಹಾಗಾಗಿ ಮಲ್ಪೆ.

ಲೈಫ್ ಜಾಕೆಟ್ಟಿಗೆ ಯಾರದೋ ಬೆವರಿನ ವಾಸನೆ.
ಅದರ ಕೊಕ್ಕೆಗೆ ನನ್ನ ಕರಿಮಣಿ ಸಿಕ್ಕಿಕೊಂಡಿತು.
ಬಿಡಿಸಿಕೊಟ್ಟಿರಿ. ಆಗಲೂ ಬೆಚ್ಚಿದೆ,
ಕಟ್ಟುವ ದಿನ ಬೆಚ್ಚಿದ ಹಾಗೆ:
ಮಂಜುಗಡ್ಡೆ ಹಿಡಿದು ಹಿಡಿದು
ಬಿಸಿಲಲ್ಲೂ ಬಿಸಿಯಾಗದ ಕೈ.

ದೊಡ್ಡ ಬೋಟಿನಿಂದ ಸಣ್ಣದಕ್ಕೆ,
ಸಣ್ಣದರಿಂದ ಮೊಣಕಾಲುದ್ದ ನೀರಿಗೆ.
ಮರಳು ಅಂತ ಕಾಲಿಟ್ಟರೆ ಬರೀ ಚಿಪ್ಪು,
ಯಾರೋ ಗುಂಡಿಯ ಡಬ್ಬಿ ಕವುಚಿ ಹಾಕಿದಷ್ಟು.
ಆಚೆಗೆ ಕಪ್ಪು ಕಂಬಗಳು, ಆರಾರು ಮೂಲೆ,
ಕಟ್ಟಿಗೆ ಪೇರಿಸಿಟ್ಟು
ಒಲೆ ಹಚ್ಚುವುದನ್ನೇ ಮರೆತ ಹಾಗೆ.
ಬೋರ್ಡು ಓದಿದಿರಿ: ಒಂದು ಕಾಲದಲ್ಲಿ ಇದು ಬೆಂಕಿಯ ನೀರಂತೆ,
ತಣಿಯುತ್ತ ತಣಿಯುತ್ತ ಒಡೆದದ್ದಂತೆ.
'ಇದೂ ಬ್ಲಾಕೇ' ಅಂತ ಬೆರಳ ಗಂಟಿನಿಂದ ಬಡಿದು ನೋಡಿದಿರಿ,
ಪ್ಲಾಂಟಿನಲ್ಲಿ ನೋಡುವ ಹಾಗೆ, ಒಳಗೆ ಗಟ್ಟಿಯಾಯಿತಾ ಅಂತ.

ದಾವಣಗೆರೆಯ ಹೆಂಗಸೊಬ್ಬರು ಕೇಳಿದರು, ಮಕ್ಕಳೆಷ್ಟು?
ಮದುವೆಯಾಗಿ ಹನ್ನೊಂದು ದಿನ ಅಂದೆ.
ಅವರು ನನ್ನ ಬೈತಲೆಯ ಬಿಳಿಕೂದಲು ನೋಡಿದರು,
ಆಮೇಲೆ ಚಕ್ಕುಲಿ ಕೊಟ್ಟರು. ಎರಡು.

ತೆಂಗಿನ ಬುಡದಲ್ಲಿ ನಿಮ್ಮ ಅಕ್ಕ ಕಟ್ಟಿಕೊಟ್ಟ ಬುತ್ತಿ:
ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ.
ಹನಿಮೂನಿಗೆ ಒಣಮೀನು!
ನಗು ತಡೆಯದೆ ನೆತ್ತಿಗೆ ಹತ್ತಿತು ನನಗೆ.
ನೀವು ನೀರು ಕೊಟ್ಟಿರಿ,
ನೆತ್ತಿ ತಟ್ಟಲು ಎತ್ತಿದ ಕೈ
ಅರ್ಧದಲ್ಲೇ ನಿಂತಿತು. ಜನ ಇದ್ದರು.

ಮೂರೂವರೆಗೆ ಬಂಡೆ ಹತ್ತಿದಿರಿ.
ಕಾವಲಿನವನು ಶಿಳ್ಳೆ ಊದಿದ. ನಿಮಗೆ ಕೇಳಿಸಲಿಲ್ಲ,
ಇಂಜಿನ್ ರೂಮು ತಿಂದ ಎಡಗಿವಿ.
ಹಿಂದಿನಿಂದ ಒಂದು ಅಲೆ ಏಳುತ್ತಿತ್ತು,
ಬೆಳ್ಳಗೆ, ಅವಸರವಿಲ್ಲದೆ.

ಹನ್ನೊಂದು ದಿನದಿಂದ ಈರ್, ಈರ್ ಅನ್ನುತ್ತಿದ್ದವಳು
ಕೂಗಿಬಿಟ್ಟೆ: 'ಈ ಇಂಚಿ ಬಲ!'

ಅದು ಕೇಳಿಸಿತು ನಿನಗೆ.
ತಿರುಗಿದೆ. ಇಳಿದು ಬಂದೆ. ಸೊಂಟದ ತನಕ ಒದ್ದೆ.
ಟಿಕೆಟು ಒದ್ದೆ.
ನಾಲಗೆ ಕಚ್ಚಿಕೊಂಡು ನಿಂತಿದ್ದೆ ನಾನು.
ನೀನು ಅಂದೆ, 'ಇನ್ನೊಮ್ಮೆ ಕರೆ.'

ಕರೆದೆ. ಎಷ್ಟು ಸಲವೋ.
ಸಣ್ಣ ಮಾತು, ಒಂದೇ ಅಕ್ಷರ,
ಬಾಯಿ ತುಂಬ ಉಪ್ಪುಗಾಳಿ.
ಬಂಡೆಯ ಮರೆಯಲ್ಲಿ ನಿನ್ನ ಎರಡೂ ಕೈ
ನನ್ನ ಕಂಕುಳಲ್ಲಿಟ್ಟುಕೊಂಡು ಕೂತೆ,
ಕೋಳಿ ಮೊಟ್ಟೆಗೆ ಕೂತ ಹಾಗೆ.
ಎಡಗೈ ಬೇಗ ಬೆಚ್ಚಗಾಯಿತು,
ಬಲಗೈಗೆ ಇನ್ನಷ್ಟು ಹೊತ್ತು ಬೇಕಿತ್ತು.

ಶಿಳ್ಳೆ. ಮತ್ತೆ ಶಿಳ್ಳೆ.
ರಾತ್ರಿ ಈ ದ್ವೀಪದಲ್ಲಿ ಯಾರೂ ಇರುವ ಹಾಗಿಲ್ಲ,
ತೆಂಗಿನ ಮರ ಬಿಟ್ಟರೆ.

ಮಲ್ಪೆ ಧಕ್ಕೆಯಲ್ಲಿ ನಿಮ್ಮ ಪ್ಲಾಂಟಿನವರು
ಲಾರಿಗೆ ಐಸು ತುಂಬುತ್ತಿದ್ದರು, ಕೈ ಬೀಸಿದರು.
ಬಿದ್ದುಹೋದ 'ರ್' ಹೆಕ್ಕಿ
ಅವಸರದಲ್ಲಿ ಹೊಲಿದೆ,
'ಈರ್ ದುಂಬು ನಡಪುಲೆ' ಅಂದೆ, ಮುಂದೆ ನಡೆಯಿರಿ ಅಂತ.
ನೀವು ನಡೆದಿರಿ, ಹೆಗಲು ಮಾತ್ರ ನಗುತ್ತಿತ್ತು.

ವಾಪಸು ಬರುವಾಗ ಯಾರೂ ಟಿಕೆಟು ಕೇಳಲಿಲ್ಲ.
ಅಂಗಿ ಒಗೆಯಲು ನೆನೆಹಾಕುವ ಮುಂಚೆ
ಗುಂಡಿ ಬಿಚ್ಚಿ ನೋಡಿದೆ.
ಶಾಯಿ ಹರಡಿ ಐದು ಅಳಿಸಿತ್ತು.
ಒಣಗಲಿಕ್ಕೆ ಹಾಕಿದ್ದೇನೆ,
ಕ್ಯಾಲೆಂಡರಿನ ಮೊಳೆಗೆ.